ಹಳೆಯ ಲ್ಯಾಪ್‌ಟಾಪ್‌ನಲ್ಲಿ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್: ಸೆಟ್ಟಿಂಗ್ ಸರಿಪಡಿಸಿಕೊಂಡು ಆಟ ಆರಂಭಿಸುವ ಸಮಗ್ರ ಮಾರ್ಗದರ್ಶಿ

ಕಳೆದ ಬೇಸಿಗೆ ರಜೆಯಲ್ಲಿ ಚಿತ್ರದುರ್ಗದಿಂದ ದಾವಣಗೆರೆಗೆ ಬಂದಿದ್ದ ನನ್ನ ಅಕ್ಕನ ಮಗ, ಡಿಪ್ಲೊಮಾ ಓದಿಗೆಂದು ಕೊಂಡಿದ್ದ ಹಳೆಯ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟು, “ಮಾಮ, ಇದರಲ್ಲಿ ಆನ್‌ಲೈನ್ ಆಟ ಯಾವುದೂ ನಡೆಯಲ್ಲ, ಸ್ವಲ್ಪ ನೋಡಿಕೊಡಿ” ಎಂದ. ನಾಲ್ಕು ಜಿಬಿ ರ‍್ಯಾಮ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ, 1366×768ರ ಪರದೆ. ಹೊಸ ಕಾಲದ ದೊಡ್ಡ ಆಟಗಳನ್ನು ಹಾಕಲು ಹೋಗಿ ಅವನು ಎರಡು ದಿನದ ಡೇಟಾ ಕಳೆದುಕೊಂಡಿದ್ದ. ಆ ಯಂತ್ರದಲ್ಲಿ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ, ಬಹಳ ಜನ ಒಂದೇ ಕಾಲ್ಪನಿಕ ಲೋಕದಲ್ಲಿ ತಮ್ಮ ತಮ್ಮ ಪಾತ್ರ ಬೆಳೆಸುತ್ತಾ ಆಡುವ ಆನ್‌ಲೈನ್ ಆಟವನ್ನು ಸರಿಯಾಗಿ ನಡೆಯುವಂತೆ ಮಾಡಲು ನಮಗೆ ಒಂದು ಸಂಜೆ ಸಾಕಾಯಿತು. ಅಂದು ನಾವು ಅನುಸರಿಸಿದ ಕ್ರಮವನ್ನೇ, ಆಮೇಲೆ ಗೊತ್ತಾದ ತಿದ್ದುಪಡಿಗಳೊಂದಿಗೆ, ಇಲ್ಲಿ ಬರೆದಿದ್ದೇನೆ.

ಈ ಆಟವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಜಾಗೆಕ್ಸ್ ಸಂಸ್ಥೆ, ತನ್ನ ಬಳಿ ಉಳಿದಿದ್ದ 2007ರ ಆಗಸ್ಟ್ ತಿಂಗಳ ರೂನ್‌ಸ್ಕೇಪ್ ಪ್ರತಿಯನ್ನು ಆಧಾರವಾಗಿಟ್ಟುಕೊಂಡು 2013ರ ಫೆಬ್ರವರಿಯಲ್ಲಿ ಇದನ್ನು ಆರಂಭಿಸಿತು. ಚಿತ್ರಗಳು ಅಂದಿನ ಕಾಲದವೇ ಆದ್ದರಿಂದ ಹಳೆಯ ಯಂತ್ರಕ್ಕೆ ಭಾರವಾಗುವುದಿಲ್ಲ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯವಾದದ್ದು. ಈ ಆಟದ ಸರ್ವರ್ ಎಲ್ಲ ಆಟಗಾರರ ಕ್ಲಿಕ್‌ಗಳನ್ನು 0.6 ಸೆಕೆಂಡಿಗೆ ಒಮ್ಮೆ ಮಾತ್ರ ಒಟ್ಟಾಗಿ ಪರಿಶೀಲಿಸುತ್ತದೆ; ಈ ಅವಧಿಗೆ ಆಟಗಾರರು ಟಿಕ್ ಎನ್ನುತ್ತಾರೆ. ನಿಮ್ಮ ಕ್ಲಿಕ್ ಸರ್ವರನ್ನು ತಲುಪಲು ಕಾಲು ಸೆಕೆಂಡ್ ಹಿಡಿದರೂ ಅದು ಮುಂದಿನ ಟಿಕ್‌ಗಾಗಿ ಕಾಯಲೇಬೇಕಾಗಿರುವುದರಿಂದ, ಸರ್ವರ್ ಪಕ್ಕದಲ್ಲೇ ಇರುವವನಿಗೂ ದಾವಣಗೆರೆಯಲ್ಲಿ ಕುಳಿತವನಿಗೂ ಗುಂಡು ಹಾರಿಸುವ ಆಟಗಳಲ್ಲಿ ಕಾಣುವಷ್ಟು ಅಂತರ ಇಲ್ಲಿ ಕಾಣುವುದಿಲ್ಲ. ಹಾಗಾಗಿ ಈ ಆಟಕ್ಕೆ ಬೇಕಾದದ್ದು ವೇಗದ ಸಂಪರ್ಕಕ್ಕಿಂತ ಸ್ಥಿರವಾದ ಸಂಪರ್ಕ. ಕೆಳಗೆ ಹೇಳುವ ಬಹುಪಾಲು ಸೆಟ್ಟಿಂಗ್‌ಗಳ ಉದ್ದೇಶವೂ ಆ ಸ್ಥಿರತೆಯೇ.

ಯಂತ್ರವನ್ನು ಸಿದ್ಧಗೊಳಿಸುವುದು

ಆಟವನ್ನು ಇಳಿಸಿಕೊಳ್ಳುವ ಮೊದಲು ಲ್ಯಾಪ್‌ಟಾಪನ್ನು ಚಾರ್ಜರ್‌ಗೆ ಸಿಕ್ಕಿಸಿ. ಬ್ಯಾಟರಿಯಲ್ಲಿ ಓಡುವಾಗ ಬಹುತೇಕ ಲ್ಯಾಪ್‌ಟಾಪ್‌ಗಳು ಪ್ರೊಸೆಸರಿನ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ನಂತರ ಟಾಸ್ಕ್ ಮ್ಯಾನೇಜರ್ ತೆರೆದು, ಅದರ ಸ್ಟಾರ್ಟ್ಅಪ್ ಪುಟದಲ್ಲಿ ನಿಮಗೆ ಬೇಡದ ಕಾರ್ಯಕ್ರಮಗಳು ತಾವಾಗಿಯೇ ಆರಂಭವಾಗದಂತೆ ನಿಲ್ಲಿಸಿ. ನಾಲ್ಕು ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಹತ್ತು ಟ್ಯಾಬ್ ತೆರೆದ ಬ್ರೌಸರ್ ಇದ್ದರೆ ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಾಗದು. ಆಡುವಾಗ ಬ್ರೌಸರ್ ಮುಚ್ಚಿಡುವುದೇ ಅತಿ ದೊಡ್ಡ ಸುಧಾರಣೆ. ಗ್ರಾಫಿಕ್ಸ್ ಡ್ರೈವರನ್ನು ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದಲೋ ವಿಂಡೋಸ್ ಅಪ್‌ಡೇಟ್ ಮೂಲಕವೋ ಹೊಸದಾಗಿಸಿಕೊಳ್ಳಿ. ಡ್ರೈವರ್ ಹುಡುಕಿಕೊಡುತ್ತೇವೆ ಎನ್ನುವ ಬೇರೆ ತಂತ್ರಾಂಶಗಳನ್ನು ಹಾಕಬೇಡಿ.

ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್ ನಿಮ್ಮದಾಗಿದ್ದರೆ, ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ, ಅದರ ಕೆಳಭಾಗದಲ್ಲಿ ಗ್ರಾಫಿಕ್ಸ್ ಎಂಬಲ್ಲಿಗೆ ಆಟ ಹಾಕಿಕೊಂಡ ಮೇಲೆ ಹೋಗಿ, ಆಟದ ಹೆಸರನ್ನು ಪಟ್ಟಿಗೆ ಸೇರಿಸಿ ಹೈ ಪರ್ಫಾರ್ಮೆನ್ಸ್ ಆಯ್ಕೆ ಮಾಡಿ. ಒಂದೇ ಚಿಪ್ ಇದ್ದವರು ಈ ಹೆಜ್ಜೆಯನ್ನು ಬಿಡಬಹುದು.

ಸಂಪರ್ಕವನ್ನು ಪರೀಕ್ಷಿಸುವುದು

ಆಟ ತಡೆತಡೆದು ನಡೆದರೆ ಜನ ಸಾಮಾನ್ಯವಾಗಿ ಇಂಟರ್‌ನೆಟ್ ಕೊಟ್ಟವರನ್ನು ಬೈಯುತ್ತಾರೆ. ತಪ್ಪು ಎಲ್ಲಿದೆ ಎಂದು ತಿಳಿಯಲು ಐದು ನಿಮಿಷ ಸಾಕು. ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಪಿಂಗ್ ಎಂದು ಬರೆದು, ಒಂದು ಜಾಗ ಬಿಟ್ಟು ನಿಮ್ಮ ರೂಟರಿನ ವಿಳಾಸವನ್ನು ಕೊಡಿ. ಅನೇಕ ಮನೆಗಳಲ್ಲಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ. ಉತ್ತರದ ಸಮಯ ಕೆಲವೇ ಮಿಲಿಸೆಕೆಂಡ್ ಇರಬೇಕು. ಒಮ್ಮೆ 3, ಒಮ್ಮೆ 200, ಮತ್ತೊಮ್ಮೆ ಉತ್ತರವೇ ಇಲ್ಲ ಎಂದು ಬಂದರೆ ದೋಷ ನಿಮ್ಮ ಮನೆಯೊಳಗಿನ ವೈಫೈಯಲ್ಲೇ ಇದೆ. ರೂಟರಿನ ಉತ್ತರ ಚೆನ್ನಾಗಿದ್ದು, 8.8.8.8 ಎಂಬ ಹೊರಗಿನ (ಗೂಗಲ್‌ನ) ವಿಳಾಸಕ್ಕೆ ಪಿಂಗ್ ಮಾಡಿದಾಗ ಮಾತ್ರ ಏರುಪೇರು ಕಂಡರೆ ತೊಂದರೆ ಹೊರಗಿನ ಲೈನಿನದು.

ಚಿತ್ರದುರ್ಗದಲ್ಲಿರುವ ಅಕ್ಕನ ಮನೆಯಲ್ಲಿ ದೋಷ ಒಳಗಡೆಯೇ ಇತ್ತು. ಹಳೆಯ ಕಟ್ಟಡ, ದಪ್ಪ ಕಲ್ಲಿನ ಗೋಡೆ. ರೂಟರ್ ಪಡಸಾಲೆಯಲ್ಲಿ, ಹುಡುಗನ ಓದುವ ಜಾಗ ಹಿಂದಿನ ಕೋಣೆಯಲ್ಲಿ. 5 ಗಿಗಾಹರ್ಟ್ಸ್ ವೈಫೈ ವೇಗವಾದದ್ದಾದರೂ ಗೋಡೆ ದಾಟುವ ಶಕ್ತಿ ಅದಕ್ಕೆ ಕಡಿಮೆ. ಅಂಥ ಮನೆಗಳಲ್ಲಿ 2.4 ಗಿಗಾಹರ್ಟ್ಸ್ ಆರಿಸಿಕೊಳ್ಳಿ, ಇಲ್ಲವೇ ಒಂದು ಲ್ಯಾನ್ ಕೇಬಲ್ ಎಳೆಯಿರಿ. ನಾವು ಕೇಬಲ್ ಎಳೆದೆವು, ತೊಂದರೆ ಅಂದೇ ಮುಗಿಯಿತು. ಮೊಬೈಲ್ ಡೇಟಾದಲ್ಲೇ ಆಡುವವರು ಹಾಟ್‌ಸ್ಪಾಟ್ ಬದಲು ಫೋನನ್ನು ಯುಎಸ್‌ಬಿ ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಟೆದರಿಂಗ್ ಹಾಕಿಕೊಂಡರೆ ಸಂಪರ್ಕ ಹೆಚ್ಚು ಸ್ಥಿರವಾಗಿರುತ್ತದೆ, ಫೋನ್ ಚಾರ್ಜ್ ಕೂಡ ಆಗುತ್ತಿರುತ್ತದೆ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ರೂಟರ್ ಮಾತ್ರ ನಿಲ್ಲುತ್ತದೆ. ಯುದ್ಧದ ನಡುವೆ ಸಂಪರ್ಕ ಕಡಿದರೆ ನಿಮ್ಮ ಪಾತ್ರ ಆಟದಿಂದ ತಕ್ಷಣ ಮಾಯವಾಗುವುದಿಲ್ಲ. ನೀವಿಲ್ಲದಿದ್ದರೂ ಅದು ಸ್ವಲ್ಪ ಹೊತ್ತು ಅಲ್ಲೇ ನಿಂತು ಏಟು ತಿನ್ನುತ್ತದೆ. ಆದ್ದರಿಂದ ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಒಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಕೊಳ್ಳುವ ಮುನ್ನ ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟೇಜ್ ಮತ್ತು ಆಂಪಿಯರ್ ಅಂಕಿಗಳನ್ನು ಬರೆದುಕೊಂಡು ಹೋಗಿ.

ಖಾತೆ ಮತ್ತು ಅದರ ಭದ್ರತೆ

ಜಾಗೆಕ್ಸ್‌ನ ಅಧಿಕೃತ ತಾಣದಿಂದ ಜಾಗೆಕ್ಸ್ ಲಾಂಚರ್ ಇಳಿಸಿಕೊಂಡು ಖಾತೆ ತೆರೆಯಿರಿ. ಹುಡುಕುವ ತಾಣದಲ್ಲಿ ಆಟದ ಹೆಸರು ಬರೆದಾಗ ಮೇಲ್ಗಡೆ ಬರುವ ಜಾಹೀರಾತುಗಳನ್ನು ಒತ್ತದೆ, ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿಕೊಂಡು ಮುಂದುವರಿಯಿರಿ, ಏಕೆಂದರೆ ಈ ಆಟದ ಹೆಸರಿನಲ್ಲಿ ಪಾಸ್‌ವರ್ಡ್ ಕದಿಯುವ ನಕಲಿ ಪುಟಗಳು ಬಹಳ ಇವೆ. ನಿಮ್ಮ ಸ್ವಂತ ಇಮೇಲ್ ವಿಳಾಸವನ್ನೇ ಕೊಡಿ. ಗೆಳೆಯನದ್ದೋ ಸೈಬರ್ ಸೆಂಟರಿನದ್ದೋ ಬೇಡ. ಎರಡು ಹಂತದ ದೃಢೀಕರಣವನ್ನು ಅದೇ ದಿನ ಜೋಡಿಸಿ, ಅದು ಕೊಡುವ ಬ್ಯಾಕಪ್ ಸಂಕೇತಗಳನ್ನು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದಿಡಿ. ಫೋನ್ ಕಳೆದರೆ ಅಥವಾ ಬದಲಾದರೆ ಆ ಸಂಕೇತಗಳೇ ಆಸರೆ.

ಪಾತ್ರದ ಹೆಸರು 12 ಅಕ್ಷರಗಳನ್ನು ಮೀರುವಂತಿಲ್ಲ. ಅದರಲ್ಲಿ ನಿಮ್ಮ ನಿಜವಾದ ಹೆಸರನ್ನೂ ಹುಟ್ಟಿದ ವರ್ಷವನ್ನೂ ಸೇರಿಸಬೇಡಿ.

ಲಾಂಚರ್‌ನಲ್ಲಿ ಆಟವನ್ನು ತೆರೆಯಲು ಮುಖ್ಯವಾಗಿ ಎರಡು ಕ್ಲೈಂಟ್‌ಗಳು, ಅಂದರೆ ಆಟವನ್ನು ನಡೆಸುವ ತಂತ್ರಾಂಶಗಳು, ಕಾಣುತ್ತವೆ: ಜಾಗೆಕ್ಸ್‌ನದೇ ಕ್ಲೈಂಟ್ ಮತ್ತು ರೂನ್‌ಲೈಟ್. ರೂನ್‌ಲೈಟ್ ಹೊರಗಿನವರು ಕಟ್ಟಿದ, ಮುಕ್ತ ಆಕರದ, ಜಾಗೆಕ್ಸ್ ಒಪ್ಪಿಗೆ ಪಡೆದ ಕ್ಲೈಂಟ್. ಅದರ ಸೆಟ್ಟಿಂಗ್‌ಗಳು ಹೆಚ್ಚು ಸೂಕ್ಷ್ಮವಾಗಿರುವುದರಿಂದ ಹಳೆಯ ಯಂತ್ರಕ್ಕೆ ನಾನು ಅದನ್ನೇ ಸೂಚಿಸುತ್ತೇನೆ.

ಪರದೆಯ ಸೆಟ್ಟಿಂಗ್‌ಗಳು

ಆಟದೊಳಗೆ ಬಲಗಡೆ ಕೆಳಭಾಗದಲ್ಲಿರುವ ಸ್ಪ್ಯಾನರ್ ಗುರುತನ್ನು ಒತ್ತಿದರೆ ಸೆಟ್ಟಿಂಗ್ ಫಲಕ ತೆರೆಯುತ್ತದೆ. ಡಿಸ್‌ಪ್ಲೇ ವಿಭಾಗದಲ್ಲಿ ಮೂರು ವಿನ್ಯಾಸಗಳಿವೆ. ಫಿಕ್ಸ್ಡ್ ಎಂಬುದು 765×503 ಅಳತೆಯ ಹಳೆಯ ಚೌಕಟ್ಟು. ರಿಸೈಜಬಲ್ ಹೆಸರಿನ ಉಳಿದೆರಡು ಪರದೆಯಷ್ಟೇ ಅಗಲವಾಗಿ ಹರಡಿಕೊಳ್ಳುತ್ತವೆ. ಚಿತ್ರ ದೊಡ್ಡದಾದಷ್ಟೂ ಯಂತ್ರಕ್ಕೆ ಕೆಲಸ ಹೆಚ್ಚು. ನಿಮ್ಮ ಲ್ಯಾಪ್‌ಟಾಪ್ ತೀರಾ ಹಳೆಯದಾಗಿದ್ದರೆ ಫಿಕ್ಸ್ಡ್ ಇಟ್ಟುಕೊಂಡು, ರೂನ್‌ಲೈಟ್‌ನ ಸ್ಟ್ರೆಚ್ಡ್ ಮೋಡ್ ಎಂಬ ಪ್ಲಗಿನ್ (ಬೇಕಾದಾಗ ಸೇರಿಸಿಕೊಳ್ಳಬಹುದಾದ ಹೆಚ್ಚುವರಿ ಸೌಲಭ್ಯ) ಹಾಕಿಕೊಳ್ಳಿ. ಅದು ಸಣ್ಣ ಚಿತ್ರವನ್ನೇ ಹಿಗ್ಗಿಸಿ ತೋರಿಸುವುದರಿಂದ ಕಣ್ಣಿಗೂ ಆಯಾಸವಾಗದು, ಯಂತ್ರಕ್ಕೂ ಭಾರವಾಗದು. ಉಳಿದವರು ರಿಸೈಜಬಲ್ ಕ್ಲಾಸಿಕ್ ಆರಿಸಿಕೊಳ್ಳಬಹುದು.

ಇನ್ನು ರೂನ್‌ಲೈಟ್‌ನ ಜಿಪಿಯು ಪ್ಲಗಿನ್. ಇದು ಚಿತ್ರ ಬಿಡಿಸುವ ಕೆಲಸವನ್ನು ಪ್ರೊಸೆಸರಿನಿಂದ ಗ್ರಾಫಿಕ್ಸ್ ಚಿಪ್‌ಗೆ ವರ್ಗಾಯಿಸಿ, ದೂರದ ಬೆಟ್ಟ ಗುಡ್ಡಗಳೂ ಕಾಣುವಂತೆ ಮಾಡುತ್ತದೆ. ಇದನ್ನು ಹಾಕಿದ ಮೇಲೆ ಎಷ್ಟು ದೂರದವರೆಗೆ ಕಾಣಬೇಕೆಂದು ಹೇಳುವ ಡ್ರಾ ಡಿಸ್ಟೆನ್ಸ್ ಎಂಬ ಅಳತೆಯನ್ನು ಕೆಳಮಟ್ಟದಲ್ಲೇ ಇಟ್ಟು, ಚಿತ್ರದ ಅಂಚುಗಳನ್ನು ನುಣುಪಾಗಿಸುವ ಆಂಟಿ ಅಲಿಯಾಸಿಂಗ್ ತೆಗೆದುಹಾಕಿ, ಹತ್ತು ನಿಮಿಷ ನಡೆದಾಡಿ ನೋಡಿ. ಸರಾಗವಾಗಿದ್ದರೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲವಾದರೆ ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದಿಲ್ಲ. ಕೆಲವು ಹಳೆಯ ಚಿಪ್‌ಗಳು ಈ ಪ್ಲಗಿನ್ ಹಾಕಿದೊಡನೆ ಕಪ್ಪು ಪರದೆ ತೋರಿಸಿ ನಿಂತುಬಿಡುತ್ತವೆ. ಆಗ ಗಾಬರಿಯಾಗಿ ಎಲ್ಲವನ್ನೂ ಅಳಿಸಬೇಡಿ. ರೂನ್‌ಲೈಟನ್ನು ಸೇಫ್ ಮೋಡ್‌ನಲ್ಲಿ ತೆರೆದರೆ ಆಟ ಪುನಃ ಕಾಣಿಸಿಕೊಳ್ಳುತ್ತದೆ. ಅಂಥ ಚಿಪ್ ಇರುವವರು ಜಿಪಿಯು ಪ್ಲಗಿನ್ ಇಲ್ಲದೆಯೇ ಆಡಬೇಕು, ಅದರಿಂದ ಆಟಕ್ಕೆ ಕೊರತೆಯೇನೂ ಆಗುವುದಿಲ್ಲ.

ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲಿಗೆ ಮಧ್ಯಾಹ್ನದ ಹೊತ್ತು ಫ್ಯಾನಿನ ಕೆಳಗೆ ಇಟ್ಟರೂ ಲ್ಯಾಪ್‌ಟಾಪ್ ಕಾಯುತ್ತದೆ, ಕಾದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ನಿಧಾನವಾಗುತ್ತದೆ, ಆಟ ಜಗ್ಗುತ್ತದೆ. ಇದಕ್ಕೆ ಪರಿಹಾರ ಎಫ್‌ಪಿಎಸ್ ಕಂಟ್ರೋಲ್ ಎಂಬ ಪ್ಲಗಿನ್. ಈ ಆಟ ಸಹಜವಾಗಿ ಸೆಕೆಂಡಿಗೆ 50 ಚಿತ್ರಗಳವರೆಗೆ ತೋರಿಸುತ್ತದೆ (ಈ ಲೆಕ್ಕವೇ ಎಫ್‌ಪಿಎಸ್). ಅದನ್ನು 30ಕ್ಕೆ ಇಳಿಸಿದರೆ ಸರ್ವರಿನ ಲೆಕ್ಕ 0.6 ಸೆಕೆಂಡಿನದೇ ಆದ್ದರಿಂದ ಆಟದಲ್ಲಿ ನಿಮಗೆ ನಷ್ಟವೇನೂ ಇಲ್ಲ, ಯಂತ್ರ ಮಾತ್ರ ತಣ್ಣಗಿರುತ್ತದೆ. ಬೇರೆ ಕಿಟಕಿಗೆ ಹೋದಾಗ ಇನ್ನೂ ಕಡಿಮೆಯಾಗುವಂತೆಯೂ ಅಲ್ಲೇ ಹೊಂದಿಸಬಹುದು. ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಡಬೇಡಿ, ಗಾಳಿಯ ಕಿಂಡಿಗಳು ಮುಚ್ಚಿಹೋಗುತ್ತವೆ.

ಮನೆಗಳ ಒಳಗೆ ಹೋದಾಗ ಚಾವಣಿ ಅಡ್ಡ ಬಂದು ಪಾತ್ರ ಕಾಣದಂತಾಗುವುದನ್ನು ತಪ್ಪಿಸಲು ಹೈಡ್ ರೂಫ್ಸ್ ಆಯ್ಕೆಯನ್ನು ಹಾಕಿಕೊಳ್ಳಿ.

ಕೈಗೆ ಒಗ್ಗುವ ಸೆಟ್ಟಿಂಗ್‌ಗಳು

ಮೌಸ್ ಕಡ್ಡಾಯವಾಗಿ ಬೇಕು ಎಂದೇ ಹೇಳುತ್ತೇನೆ. ಟಚ್‌ಪ್ಯಾಡ್‌ನಲ್ಲಿ ಬಾಣದ ಕೀಲಿಗಳಿಂದ ಕ್ಯಾಮೆರಾ ತಿರುಗಿಸಬಹುದಾದರೂ ಅರ್ಧ ಗಂಟೆಯಲ್ಲಿ ಕೈ ಸೋಲುತ್ತದೆ. ಕಂಟ್ರೋಲ್ಸ್ ವಿಭಾಗದಲ್ಲಿ ಮೌಸಿನ ನಡುವಿನ ಚಕ್ರವನ್ನು ಒತ್ತಿ ಕ್ಯಾಮೆರಾ ತಿರುಗಿಸುವ ಸೌಲಭ್ಯವನ್ನೂ, ಶಿಫ್ಟ್ ಒತ್ತಿ ಕ್ಲಿಕ್ ಮಾಡಿ ವಸ್ತು ಬಿಸಾಡುವ ಸೌಲಭ್ಯವನ್ನೂ, ಎಸ್ಕೇಪ್ ಕೀಲಿಯಿಂದ ಕಿಟಕಿಗಳನ್ನು ಮುಚ್ಚುವ ಸೌಲಭ್ಯವನ್ನೂ ಹಾಕಿಕೊಳ್ಳಿ. ನಿಮ್ಮ ಚೀಲದಲ್ಲಿ 28 ವಸ್ತುಗಳಿಗೆ ಮಾತ್ರ ಜಾಗವಿರುವುದರಿಂದ ಬೇಡದ್ದನ್ನು ಬಿಸಾಡುವ ಕೆಲಸ ಪದೇ ಪದೇ ಬರುತ್ತದೆ. ಬೆಲೆಬಾಳುವ ವಸ್ತುವನ್ನು ಕೈತಪ್ಪಿ ಬಿಸಾಡದಂತೆ ಎಚ್ಚರಿಸುವ ಆಯ್ಕೆಯೂ ಇದೆ. ಶಿಫ್ಟ್ ಸೌಲಭ್ಯದ ಜೊತೆಯಲ್ಲೇ ಅದನ್ನೂ ಹಾಕಿಡಿ.

ಹೆಚ್ಚಿನವರು ಗಮನಿಸದೆ ಬಿಡುವ ಎರಡು ಆಯ್ಕೆಗಳು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದವು. ಪ್ಲೇಯರ್ ಅಟ್ಯಾಕ್ ಆಪ್ಷನ್ಸ್ ಎಂಬುದನ್ನು ಹಿಡನ್ ಎಂದು ಇಡಿ, ಆಗ ನೀವು ಇನ್ನೊಬ್ಬ ಆಟಗಾರನ ಮೇಲೆ ಅರಿವಿಲ್ಲದೆ ಕೈ ಮಾಡುವ ಪ್ರಸಂಗವೇ ಬರುವುದಿಲ್ಲ. ಎನ್‌ಪಿಸಿ ಅಟ್ಯಾಕ್ ಆಪ್ಷನ್ಸ್ (ಎನ್‌ಪಿಸಿ ಎಂದರೆ ಆಟವೇ ನಡೆಸುವ ಜನ, ಮೃಗಗಳು) ಎಂಬುದನ್ನು ಆಲ್ವೇಸ್ ರೈಟ್ ಕ್ಲಿಕ್ ಎಂದಿಟ್ಟರೆ, ದಾರಿ ನಡೆಯಲು ಒತ್ತಿದ ಕ್ಲಿಕ್ ಮೃಗವೊಂದರ ಮೇಲೆ ಬಿದ್ದು ಬೇಡದ ಯುದ್ಧ ಹತ್ತಿಕೊಳ್ಳುವುದು ತಪ್ಪುತ್ತದೆ. ಕೈ ಪಳಗಿದ ನಂತರ, ಬೇಟೆಗೆಂದೇ ಹೊರಟಾಗ, ಇದನ್ನು ಲೆಫ್ಟ್ ಕ್ಲಿಕ್‌ಗೆ ಬದಲಿಸಿಕೊಳ್ಳಬಹುದು.

ಮೊಬೈಲ್‌ನಲ್ಲಿ ಆಡುವವರಿಗೆ 2018ರ ಅಕ್ಟೋಬರ್‌ನಿಂದ ಇದೇ ಆಟ, ಇದೇ ಖಾತೆ, ಇದೇ ಪಾತ್ರ ಲಭ್ಯವಿದೆ. ಲ್ಯಾಪ್‌ಟಾಪಿನಲ್ಲಿ ಬಿಟ್ಟ ಕಡೆಯಿಂದಲೇ ಫೋನಿನಲ್ಲಿ ಮುಂದುವರಿಸಬಹುದು. ಅಲ್ಲಿ ಬೆರಳನ್ನು ಒತ್ತಿ ಹಿಡಿದರೆ ಬಲ ಕ್ಲಿಕ್ಕಿಗೆ ಸಮ. ಮೀನು ಹಿಡಿಯುವುದು, ಮರ ಕಡಿಯುವುದು ಮೊದಲಾದ ನಿಧಾನದ ಕೆಲಸಗಳಿಗೆ ಫೋನ್ ಸಾಕು, ಯುದ್ಧಕ್ಕೆ ಮಾತ್ರ ಲ್ಯಾಪ್‌ಟಾಪನ್ನೇ ಬಳಸಿ.

ವರ್ಲ್ಡ್ ಆಯ್ಕೆ

ಆಟ ನೂರಾರು ವರ್ಲ್ಡ್‌ಗಳಲ್ಲಿ ಏಕಕಾಲಕ್ಕೆ ನಡೆಯುತ್ತದೆ; ವರ್ಲ್ಡ್ ಎಂದರೆ ಅದೇ ಆಟದ ಲೋಕ ಬೇರೆ ಬೇರೆ ಸರ್ವರಿನಲ್ಲಿ ನಡೆಯುವ ಒಂದೊಂದು ಪ್ರತಿ. ಉಚಿತ ಆಟಗಾರರು ಉಚಿತ ವರ್ಲ್ಡ್‌ಗಳಿಗೆ ಮಾತ್ರ ಹೋಗಬಲ್ಲರು. ಪಟ್ಟಿಯಲ್ಲಿ ಪ್ರತಿ ವರ್ಲ್ಡ್ ಯಾವ ದೇಶದ್ದೆಂದು ಧ್ವಜ ತೋರಿಸುತ್ತದೆ, ರೂನ್‌ಲೈಟ್‌ನ ವರ್ಲ್ಡ್ ಹಾಪರ್ ಪ್ಲಗಿನ್ ಅದರ ಪಿಂಗ್ ಅಂಕಿಯನ್ನೂ ತೋರಿಸುತ್ತದೆ. ಬೇರೆ ಬೇರೆ ಹೊತ್ತಿನಲ್ಲಿ ಎರಡು ಮೂರು ದಿನ ನೋಡಿ, ಅಂಕಿ ಕಡಿಮೆ ಏರುಪೇರಾಗುವ ವರ್ಲ್ಡ್ ಒಂದನ್ನು ನಿಮ್ಮದಾಗಿಸಿಕೊಳ್ಳಿ. ಪಿವಿಪಿ (ಆಟಗಾರರು ಪರಸ್ಪರ ಕಾದಾಡುವಂಥದ್ದು) ಅಥವಾ ಹೈ ರಿಸ್ಕ್ ಎಂದು ಬರೆದಿರುವ ವರ್ಲ್ಡ್‌ಗಳಿಗೆ ಹೊಸಬರು ಕಾಲಿಡಬಾರದು. ಸಾಧನೆ ಎಲ್ಲ ಸಾಮಾನ್ಯ ವರ್ಲ್ಡ್‌ಗಳಿಗೂ ಒಂದೇ ಆಗಿರುವುದರಿಂದ ಮುಂದೆ ಬದಲಾಯಿಸಿದರೂ ನಷ್ಟವಿಲ್ಲ.

ಟ್ಯುಟೋರಿಯಲ್ ದ್ವೀಪದಿಂದ ಲಂಬ್ರಿಡ್ಜ್‌ವರೆಗೆ

ಮೊದಲು ನಿಮ್ಮನ್ನು ಒಂದು ದ್ವೀಪಕ್ಕೆ ಇಳಿಸಲಾಗುತ್ತದೆ. ಸಿಗಡಿ ಹಿಡಿಯುವುದು, ಬೆಂಕಿ ಹೊತ್ತಿಸಿ ಬೇಯಿಸುವುದು, ತಾಮ್ರ ಮತ್ತು ತವರ ಅಗೆದು ಕಂಚಿನ ಕಠಾರಿ ಮಾಡುವುದು, ಇಲಿಯೊಂದಿಗೆ ಕಾದುವುದು, ಬ್ಯಾಂಕ್ ಬಳಸುವುದು ಇವೆಲ್ಲವನ್ನೂ ಅಲ್ಲಿನ ಗುರುಗಳು ಒಬ್ಬೊಬ್ಬರಾಗಿ ಕಲಿಸುತ್ತಾರೆ. ಮಾತುಗಳನ್ನು ಓದದೆ ದಾಟಿಸಬೇಡಿ. ಐರನ್‌ಮ್ಯಾನ್ ಎಂಬ ಬಗೆಯ ಪಾತ್ರವನ್ನು ಆರಿಸುವ ಅವಕಾಶವೂ ದ್ವೀಪದಲ್ಲಿ ಬರುತ್ತದೆ. ಆ ಪಾತ್ರ ಬೇರೆ ಆಟಗಾರರೊಡನೆ ವ್ಯಾಪಾರ ಮಾಡುವಂತಿಲ್ಲವಾದ್ದರಿಂದ ಮೊದಲ ಸಲದವರಿಗೆ ಸೂಕ್ತವಲ್ಲ.

ದ್ವೀಪ ಮುಗಿದೊಡನೆ ಲಂಬ್ರಿಡ್ಜ್ ಎಂಬ ಊರಿನ ಕೋಟೆಯ ಬಳಿ ಬಂದಿಳಿಯುತ್ತೀರಿ. ಬ್ಯಾಂಕ್ ಕೋಟೆಯ ಮೇಲಿನ ಅಂತಸ್ತಿನಲ್ಲಿದೆ. ಮೊದಲು ಅಲ್ಲಿಗೆ ಹತ್ತಿ ನಾಲ್ಕು ಅಂಕಿಯ ಬ್ಯಾಂಕ್ ಪಿನ್ ಹಾಕಿ. ಪಿನ್ ಮರೆತರೆ ತೆಗೆಸಲು 3 ಅಥವಾ 7 ದಿನ ಕಾಯುವ ಅವಧಿಯನ್ನು ನೀವೇ ಆರಿಸಬೇಕಾಗುತ್ತದೆ, 7 ಆರಿಸಿ. ಕಳ್ಳನೊಬ್ಬ ಖಾತೆಯೊಳಗೆ ನುಗ್ಗಿದರೂ ಆ ಏಳು ದಿನಗಳಲ್ಲಿ ನಿಮಗೆ ಸುದ್ದಿ ತಿಳಿಯುತ್ತದೆ.

ಕೆಳಗಿಳಿದರೆ ಅಡುಗೆಮನೆಯಲ್ಲಿ ಬಾಣಸಿಗ ಕಂಗಾಲಾಗಿ ನಿಂತಿರುತ್ತಾನೆ. ಅವನಿಗೆ ಮೊಟ್ಟೆ, ಹಾಲು, ಹಿಟ್ಟು ತಂದುಕೊಡುವುದೇ ಮೊದಲ ಕ್ವೆಸ್ಟ್, ಅಂದರೆ ಆಟ ಒಪ್ಪಿಸುವ ಕೆಲಸ. ಮೊಟ್ಟೆ ಕೋಳಿ ಸಾಕುವ ತೋಟದಲ್ಲಿ ನೆಲದ ಮೇಲೆ ಬಿದ್ದಿರುತ್ತದೆ. ಬಕೆಟ್ ಹಿಡಿದು ಡೈರಿ ಹಸುವಿನಿಂದ ಹಾಲು ಕರೆಯಬೇಕು. ಹಿಟ್ಟಿನ ಕೆಲಸ ನನಗೆ ಬಹಳ ಪ್ರಿಯವಾದದ್ದು: ಹೊಲದಲ್ಲಿ ಗೋಧಿ ಕಿತ್ತು, ಗಿರಣಿಯ ಮೇಲಂತಸ್ತಿಗೆ ಹತ್ತಿ ಹಾಪರಿಗೆ ಸುರಿದು, ಸನ್ನೆ ಎಳೆದು, ಕೆಳಗಿಳಿದು ಮಡಕೆಯಲ್ಲಿ ಹಿಟ್ಟು ತುಂಬಿಕೊಳ್ಳಬೇಕು. ನಮ್ಮ ಬೀದಿಯ ಹಿಟ್ಟಿನ ಗಿರಣಿಯಲ್ಲೂ ಇದೇ ಕ್ರಮವಲ್ಲವೇ. ಇಂಗ್ಲಿಷ್ ಸೂಚನೆ ಅರ್ಥವಾಗದೆ ಮೇಲೆ ಕೆಳಗೆ ಓಡುತ್ತಿದ್ದ ಹುಡುಗನಿಗೆ ಅಷ್ಟು ಹೇಳಿದ್ದೇ ತಡ, ಒಂದೇ ಸಲಕ್ಕೆ ಮಾಡಿ ಮುಗಿಸಿದ. ಮಡಕೆಯನ್ನು ಜೊತೆಗೆ ಕೊಂಡೊಯ್ಯಲು ಮರೆಯಬೇಡಿ. ಈ ಕ್ವೆಸ್ಟ್ 1 ಕ್ವೆಸ್ಟ್ ಅಂಕವನ್ನೂ ಅಡುಗೆಯ ಕೌಶಲದಲ್ಲಿ 300 ಅನುಭವವನ್ನೂ (ಕೌಶಲದ ಮಟ್ಟ ಏರಿಸುವ ಅಂಕಿ) ಕೊಡುತ್ತದೆ.

ಅನಂತರ ನದಿಯ ಆಚೆಯ ಗಾಬ್ಲಿನ್‌ಗಳೊಂದಿಗೂ ಕೋಳಿಗಳೊಂದಿಗೂ ಕಾದಿ ಕೈ ಪಳಗಿಸಿಕೊಳ್ಳಿ. ಕತ್ತಿಯ ಗುರುತಿನ ಫಲಕದಲ್ಲಿ ಯಾವ ಶೈಲಿ ಆರಿಸಿದ್ದೀರಿ ಎಂಬುದರ ಮೇಲೆ ಅಟ್ಯಾಕ್, ಸ್ಟ್ರೆಂತ್, ಡಿಫೆನ್ಸ್ ಇವುಗಳಲ್ಲಿ ಯಾವುದು ಬೆಳೆಯುತ್ತದೆ ಎಂಬುದು ನಿರ್ಧಾರವಾಗುತ್ತದೆ. ಮೂರನ್ನೂ ಸರದಿಯಂತೆ ಬೆಳೆಸಿ. ಚೀಲದಲ್ಲಿ ಬೇಯಿಸಿದ ಮೀನು ಇಲ್ಲದೆ ಊರಿನಿಂದ ದೂರ ಹೋಗಬೇಡಿ. ದಾರಿ ತಪ್ಪಿದರೆ ಲಂಬ್ರಿಡ್ಜ್‌ಗೆ ಮರಳುವ ಹೋಮ್ ಟೆಲಿಪೋರ್ಟ್ ಮಂತ್ರ ಎಲ್ಲರಿಗೂ ಉಚಿತ, 30 ನಿಮಿಷಕ್ಕೊಮ್ಮೆ ಬಳಸಬಹುದು, ಆದರೆ ಏಟು ಬೀಳುತ್ತಿರುವಾಗ ಅದು ನಡೆಯದು. ಯುದ್ಧ ಮುಗಿದ ಮೇಲೂ 10 ಸೆಕೆಂಡ್ ಕಾಯದೆ ಲಾಗ್ಔಟ್ ಆಗಲು ಬರುವುದಿಲ್ಲ. ಅಮ್ಮ ಊಟಕ್ಕೆ ಕರೆದಾಗ ನೇರವಾಗಿ ಲ್ಯಾಪ್‌ಟಾಪ್ ಮಡಚುವ ಹುಡುಗರು ಇದನ್ನು ನೆನಪಿಡಬೇಕು.

ಪಾತ್ರ ಸತ್ತರೆ ಬಿದ್ದ ಜಾಗದಲ್ಲಿ ಒಂದು ಗೋರಿಕಲ್ಲು ಏಳುತ್ತದೆ, ನಿಮ್ಮ ವಸ್ತುಗಳು ಅದರಲ್ಲಿ 15 ನಿಮಿಷ ಇರುತ್ತವೆ. ಹಾಗಾಗಿ ಗಾಬರಿ ಬೇಡ, ದಾರಿಯಲ್ಲಿ ಬೇರೆ ಕೆಲಸವೂ ಬೇಡ.

ಮೊದಲ ಹಣ, ಮೊದಲ ಮೋಸಗಳು

ಆರಂಭದ ಬಂಡವಾಳಕ್ಕೆ ಬಾರ್ಬೇರಿಯನ್ ಗ್ರಾಮದ ನಡುವಿನ ಗುಂಡಿಯಲ್ಲಿರುವ ಸ್ಟ್ರಾಂಗ್‌ಹೋಲ್ಡ್ ಆಫ್ ಸೆಕ್ಯೂರಿಟಿಗಿಂತ ಉತ್ತಮ ಜಾಗವಿಲ್ಲ. ನಾಲ್ಕು ಅಂತಸ್ತಿನ ಆ ನೆಲಮಾಳಿಗೆಯ ಬಾಗಿಲುಗಳು ಪಾಸ್‌ವರ್ಡ್ ಭದ್ರತೆಯ ಪ್ರಶ್ನೆಗಳನ್ನು ಕೇಳುತ್ತವೆ, ಸರಿಯುತ್ತರಕ್ಕೆ ತೆರೆಯುತ್ತವೆ. ಮೊದಲ ಮೂರು ಅಂತಸ್ತುಗಳಲ್ಲಿ 2,000, 3,000, 5,000 ಹೀಗೆ ಒಟ್ಟು 10,000 ನಾಣ್ಯಗಳೂ ನಾಲ್ಕನೆಯದರಲ್ಲಿ ಒಂದು ಜೊತೆ ಬೂಟುಗಳೂ ಸಿಗುತ್ತವೆ. ಕೆಳಕ್ಕೆ ಹೋದಂತೆ ಮೃಗಗಳು ಬಲವಾಗುತ್ತವೆ. ಮೊದಲ ದಿನ ಎರಡು ಅಂತಸ್ತು ಮುಗಿಸಿ ಹಿಂದಿರುಗಿ, ಉಳಿದದ್ದಕ್ಕೆ ಚೀಲ ತುಂಬ ಆಹಾರದೊಂದಿಗೆ ಮತ್ತೆ ಬನ್ನಿ.

ಕೈಯಲ್ಲಿ ಹಣ ಕಂಡೊಡನೆ ಮೋಸಗಾರರು ಹತ್ತಿರ ಬರುತ್ತಾರೆ. ಹಣ ದ್ವಿಗುಣ ಮಾಡಿಕೊಡುತ್ತೇನೆ ಎನ್ನುವವರು, ಕವಚಕ್ಕೆ ಚಿನ್ನದ ಅಂಚು ಹಾಕಿಕೊಡುತ್ತೇನೆ ಎನ್ನುವವರು, ನನ್ನ ಹಿಂದೆ ಬಾ ಎಂದು ಉತ್ತರಕ್ಕೆ ಕರೆದೊಯ್ಯುವವರು ಎಲ್ಲರೂ ಒಂದೇ ಜಾತಿ. ಉತ್ತರದಲ್ಲಿ ಒಂದು ಕಾಲುವೆಯಂಥ ಹಳ್ಳವಿದೆ. ಅದರಾಚೆ ವೈಲ್ಡರ್‌ನೆಸ್, ಅಲ್ಲಿ ಬೇರೆ ಆಟಗಾರರು ನಿಮ್ಮನ್ನು ಕೊಂದು ವಸ್ತು ದೋಚಬಹುದು. ಹೊರಗಿನವರಿಗೆ ನಿಜವಾದ ರೂಪಾಯಿ ಕೊಟ್ಟು ಆಟದ ನಾಣ್ಯ ಕೊಳ್ಳುವುದು ನಿಯಮಕ್ಕೆ ವಿರುದ್ಧ, ಖಾತೆಯನ್ನೇ ಕಳೆದುಕೊಳ್ಳಬಹುದು. ತಾನಾಗಿಯೇ ಆಡುವ ಬಾಟ್ ತಂತ್ರಾಂಶಕ್ಕೂ ಇದೇ ಶಿಕ್ಷೆ.

ಹಣ ಕೊಟ್ಟು ಸದಸ್ಯತ್ವ ಪಡೆಯಲು ಮೊದಲ ತಿಂಗಳಲ್ಲಿ ಅವಸರಪಡಬೇಡಿ. ಉಚಿತ ಭಾಗವೇ ವಿಶಾಲವಾಗಿದೆ. ಮುಂದೆ ಆಟದೊಳಗಿನ ನಾಣ್ಯಗಳಿಂದಲೇ ಬಾಂಡ್ ಎಂಬ ವಸ್ತುವನ್ನು ಕೊಂಡು 14 ದಿನಗಳ ಸದಸ್ಯತ್ವ ಪಡೆಯುವ ದಾರಿಯೂ ಇದೆ. ಮಕ್ಕಳ ಕೈಗೆ ಕಾರ್ಡ್ ಕೊಡುವ ಮುನ್ನ ಹಿರಿಯರು ಈ ವಿಷಯ ತಿಳಿದಿರಲಿ. ಹಾಗೆಯೇ, ಕೌಶಲವೊಂದನ್ನು 99ನೇ ಮಟ್ಟಕ್ಕೆ ಒಯ್ಯಲು 1,30,34,431 ಅನುಭವ ಬೇಕು; ಅದರ ಅರ್ಧದಾರಿ ಬರುವುದು 92ನೇ ಮಟ್ಟದಲ್ಲಿ. ಒಂದು ರಜೆಯಲ್ಲಿ ಮುಗಿಸುವ ಆಟ ಇದಲ್ಲ ಎಂದು ಗೊತ್ತಿದ್ದರೆ, ಪರೀಕ್ಷೆಯ ಹಿಂದಿನ ರಾತ್ರಿ ಇನ್ನೊಂದೇ ಮಟ್ಟ ಎಂದು ಕೂರುವ ಆಸೆ ಸ್ವಲ್ಪ ತಗ್ಗುತ್ತದೆ.

ಹತ್ತು ಅಂಕಗಳ ಗುರಿ

ಹೊಸ ಉಚಿತ ಖಾತೆಗಳಿಗೆ ವ್ಯಾಪಾರದಲ್ಲಿ ಕೆಲವು ನಿರ್ಬಂಧಗಳಿವೆ. 20 ಗಂಟೆಗಳ ಆಟ, ಎಲ್ಲ ಕೌಶಲಗಳೂ ಸೇರಿ ಒಟ್ಟು 100 ಮಟ್ಟ, 10 ಕ್ವೆಸ್ಟ್ ಅಂಕ ಈ ಮೂರೂ ಆದಾಗ ಅವು ತೆರವಾಗುತ್ತವೆ. ಅಂಕಗಳಿಗೆ ಹತ್ತಿರದ ದಾರಿ ಹೀಗಿದೆ. ಬಾಣಸಿಗನ 1 ಅಂಕ ಆಗಲೇ ಬಂದಿದೆ. ವ್ಯಾರಕ್ ನಗರದ ಚೌಕದಲ್ಲಿ ನಿಂತಿರುವ ಪ್ರೇಮಿಯ ಓಲೆಗಳನ್ನು ಅತ್ತಿಂದಿತ್ತ ತಲುಪಿಸಿ, ಔಷಧಿಯವನಿಗೆ ಕಡಾವಾ ಹಣ್ಣು ತಂದುಕೊಟ್ಟರೆ 5 ಅಂಕ, ಯುದ್ಧವೇ ಇಲ್ಲ. ನಗರಕ್ಕೆ ಹೋಗುವ ದಾರಿಯಲ್ಲೇ ಆಗ್ನೇಯದ ಗಣಿಯ ಪಕ್ಕದ ಪೊದೆಗಳಿಂದ ಹಣ್ಣನ್ನು ಕಿತ್ತಿಟ್ಟುಕೊಂಡರೆ ಒಂದು ಓಡಾಟ ಉಳಿಯುತ್ತದೆ. ಕೊನೆಯ 4 ಅಂಕ ಡ್ರೇನರ್ ಮ್ಯಾನರ್ ಎಂಬ ಪಾಳು ಬಂಗಲೆಯಲ್ಲಿ, ಕೋಳಿಯಾಗಿ ಬದಲಾದ ಅರ್ನೆಸ್ಟ್ ಎಂಬುವವನನ್ನು ಮನುಷ್ಯನನ್ನಾಗಿಸುವ ಕ್ವೆಸ್ಟ್‌ನಲ್ಲಿದೆ. ಅದಕ್ಕೆ ಮೂರು ಬಿಡಿಭಾಗಗಳು ಬೇಕು: ಎಣ್ಣೆಡಬ್ಬಿ ನೆಲಮಾಳಿಗೆಯ ಸನ್ನೆಗಳ ಒಗಟಿನಾಚೆ, ಒತ್ತಡ ಅಳೆಯುವ ಮಾಪಕ ಮೀನುಗಳಿರುವ ಕಾರಂಜಿಯೊಳಗೆ, ರಬ್ಬರ್ ಕೊಳವೆ ಬೀಗ ಹಾಕಿದ ಕೋಣೆಯಲ್ಲಿ. ಬೀಗದ ಕೈ ಗೊಬ್ಬರದ ಗುಂಡಿಯಲ್ಲಿದೆ, ಅಗೆಯಲು ಸನಿಕೆ ಬಂಗಲೆಯಲ್ಲೇ ಸಿಗುತ್ತದೆ. ಸನ್ನೆಗಳ ಒಗಟಿನಲ್ಲಿ ಯಾವ ಸನ್ನೆ ಎಳೆದರೆ ಯಾವ ಬಾಗಿಲು ತೆರೆಯಿತು ಎಂಬುದನ್ನು ಹಾಳೆಯ ಮೇಲೆ ಬರೆದುಕೊಳ್ಳುತ್ತಾ ಹೋಗಿ. ಅಕ್ಕನ ಮಗ ಅದನ್ನು ತನ್ನ ಲಾಜಿಕ್ ಗೇಟ್ ಪಾಠದ ಕೋಷ್ಟಕದಂತೆ ಬರೆದು, ನನ್ನ ನೆರವಿಲ್ಲದೆ ರಾತ್ರಿ ಹನ್ನೊಂದಕ್ಕೆ ಬಿಡಿಸಿದ. ಮರುದಿನ ಬೆಳಿಗ್ಗೆ ದುರ್ಗದ ಬಸ್ಸು ಹತ್ತುವಾಗ ಆ ಹಾಳೆ ಅವನ ಜೇಬಿನಲ್ಲಿತ್ತು.